ದಾನ ಬಿಟ್ಟರೆ ಬೇರೆ ದಾರಿ ಇತ್ತಾ?

ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು ಬರೀ ಸೈನ್ಯದ ರೇಷನ್, ಬಿಳಿಯರ ದಾನ ನಂಬಿಕೊಂಡೇ ಬದುಕಿದರಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. 1862ರಲ್ಲಿ ವಾಷಿಂಗ್ಟನ್‌ನಲ್ಲಿ ಎಲಿಜಬೆತ್ ಕೆಕ್ಲಿ ತಮ್ಮ ಚರ್ಚಿನವರನ್ನು ಸೇರಿಸಿ ಹೀಗೆ ಬಂದವರಿಗೆ ನೆರವಾಗುವ ಸಂಘ ಕಟ್ಟಿದರು. ಅವರೂ ಹಿಂದೆ ಗುಲಾಮಗಿರಿಯಲ್ಲಿದ್ದವರೇ. ತಮ್ಮ ಬಿಡುಗಡೆಗೆ ಪಡೆದ ಸಾಲವನ್ನು ಹೊಲಿಗೆ ಮಾಡಿಯೇ ತೀರಿಸಿದ್ದರು.

ನನಗೆ ಇನ್ನೂ ದೊಡ್ಡದು ಅನಿಸುವುದು, ತಾವೂ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಹ್ಯಾರಿಯೆಟ್ ಟಬ್‌ಮನ್ ಮಾಡಿದ ಕೆಲಸ. ದಕ್ಷಿಣ ಕೆರೊಲಿನಾದ ಬ್ಯೂಫರ್ಟ್‌ನಲ್ಲಿ ತಮಗೆ ಸಿಕ್ಕ 200 ಡಾಲರ್ ಹಾಕಿ ಬಟ್ಟೆ ಒಗೆಯುವ ಮನೆ ಕಟ್ಟಿಸಿದರು. ಸೈನಿಕರ ಬಟ್ಟೆ ಒಗೆದು ಸಂಪಾದಿಸೋದನ್ನು ಹೆಂಗಸರಿಗೆ ಕಲಿಸಿದರು. ಕೈಗೆ ದುಡಿಮೆ ಕೊಟ್ಟರು, ಅಲ್ವಾ? ಟಬ್‌ಮನ್‌ಗೆ ಸೈನಿಕರ ಹಾಗೆ ರೇಷನ್ ಸಿಗುತ್ತೆ ಅಂತ ಜನ ಬೇಸರಪಟ್ಟಾಗ ಅದನ್ನೂ ಬಿಟ್ಟರು. ರಾತ್ರಿ ಹೊತ್ತು ಪೈ ಅನ್ನೋ ತಿಂಡಿ, ರೂಟ್ ಬಿಯರ್ ಅನ್ನೋ ಬೇರಿನ ಪಾನೀಯ ತಯಾರಿಸಿ, ಅದನ್ನು ಮಾರಿಸಿ ಜೀವನ ನಡೆಸಿದರು.