ಅಣ್ಣನ ಹೆಸರು ಸಿಗದಿದ್ದರೆ ಮೊದಲು ಸೈನ್ಯದ ನಂಬರು ಹುಡುಕಿ

1971ರ ಯುದ್ಧದಲ್ಲಿ ತೀರಿಹೋದ ನಿಮ್ಮ ಅಣ್ಣನ ಹೆಸರು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಪಟ್ಟಿಯಲ್ಲಿ ಸಿಗದಿರಲು ಹೆಸರು ಬರೆದ ರೀತಿಯೇ ಕಾರಣವಿರಬೇಕು. ನಮ್ಮ ಕಾಸರಗೋಡಿನ ಕಡೆ ಮನೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು. ಸೈನ್ಯದ ಇಂಗ್ಲಿಷ್ ದಾಖಲೆಯಲ್ಲಿ ಮತ್ತೊಂದು. ಕಾರ್ಗಿಲ್‌ನಲ್ಲಿ ತೀರಿಹೋದ ನನ್ನ ತಮ್ಮನದ್ದೂ ಹಾಗೇ ಆಗಿತ್ತು. ನಿಮ್ಮದೂ ಅದೇ ಅಂತ ಖಚಿತವಾಗಿ ಹೇಳಲಾರೆ, ಆದರೆ ಮೊದಲು ನೋಡಬೇಕಾದ್ದು ಅದನ್ನೇ.

ಹೆಸರು ಬಿಡಿ, ಸೈನ್ಯದ ನಂಬರು, ಅಂದರೆ ಸೈನಿಕನಿಗೆ ಕೊಡುವ ಗುರುತಿನ ಸಂಖ್ಯೆ ಹುಡುಕಿ. ಅಮ್ಮನ ಪಿಂಚಣಿ ಕಾಗದದಲ್ಲಿ, ಹಳೇ ಪತ್ರಗಳಲ್ಲಿ ಇರುತ್ತದೆ. ಪದಕ ಇದ್ದರೆ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ನಂಬರು, ಹೆಸರು ಸಣ್ಣದಾಗಿ ಕೊರೆದಿರುತ್ತಾರೆ. ದಯವಿಟ್ಟು ಪದಕವನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರ ಸವೆದುಹೋಗುತ್ತದೆ.

ಪದಕದಲ್ಲೋ ಕಾಗದದಲ್ಲೋ ನಂಬರಿನ ಜೊತೆ ಇರುವ ಹೆಸರನ್ನು ಅಕ್ಷರ ಬದಲಿಸದೆ ಸ್ಮಾರಕದ ಪಟ್ಟಿಯಲ್ಲಿ ಮತ್ತೆ ಹುಡುಕಿ. ಆಗಲೂ ಸಿಗದಿದ್ದರೆ ಕಾಸರಗೋಡಿನ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ, ಆ ನಂಬರು ಕೊಟ್ಟು ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆಯಲು ಕೇಳಿ. ಮದ್ರಾಸ್ ರೆಜಿಮೆಂಟ್ ಆಗಿದ್ದರೆ ಅದರ ಕೇಂದ್ರ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ. ಪಿಂಚಣಿ ಕಾಗದದ ನಕಲು, ಅಣ್ಣನ ಫೋಟೋ, ನೀವು ತಂಗಿ ಅನ್ನುವುದಕ್ಕೆ ಹಳೇ ರೇಷನ್ ಕಾರ್ಡ್ ಒಯ್ಯಿರಿ.

ಹೆಸರು ಸಿಕ್ಕಿದ ಮೇಲೇ ದೆಹಲಿಗೆ ಟಿಕೆಟ್ ಮಾಡಿಸಿ. ಸ್ಮಾರಕದಲ್ಲಿ ಹುತಾತ್ಮರ ಹೆಸರು ಕೆತ್ತಿರುವ ತ್ಯಾಗ ಚಕ್ರದ ಗೋಡೆಗಳಲ್ಲಿ 25 ಸಾವಿರಕ್ಕೂ ಜಾಸ್ತಿ ಹೆಸರುಗಳಿವೆ. ಅಮ್ಮನನ್ನು ಕರೆದುಕೊಂಡು ಹೋಗಿ ಅಲ್ಲಿ ಸುಮ್ನೆ ಅಲೆಸಬಾರದು ಅಲ್ವಾ?