ಡೇರಿಗೆ ಮತದಾರರ ಪಟ್ಟಿ ಇದೆ, ಪಕ್ಷಕ್ಕೆ?

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ತಮ್ಮ ಹೆಸರು, ಪಕ್ಷದ ಹೆಸರು ಎರಡನ್ನೂ ಹಾಕಬೇಡಿ ಎಂದಿದ್ದಾರೆ. ಇಪ್ಪತ್ತೆರಡು ವರ್ಷ ಒಂದೇ ಪಕ್ಷಕ್ಕೆ ದುಡಿದವರು. ತಾಲ್ಲೂಕು ಅಧ್ಯಕ್ಷರು ಬದಲಾದ ಸುದ್ದಿ ಅವರಿಗೆ ಗೊತ್ತಾದದ್ದು ಬಸ್ ಸ್ಟ್ಯಾಂಡಿನ ಫ್ಲೆಕ್ಸ್ ನೋಡಿ. ಅವರ ಪ್ರಶ್ನೆ ಇದು: "ನಮ್ಮೂರ ಹಾಲಿನ ಡೇರಿಗೆ ನಿರ್ದೇಶಕ ಆಗಬೇಕಾದರೂ ಚುನಾವಣೆ ಗೆಲ್ಲಬೇಕು. ರಾಜ್ಯ ಆಳುವ ಪಕ್ಷಕ್ಕೆ ಅದು ಬೇಡವಾ? ಇದಕ್ಕೊಂದು ಕಾನೂನು ಇಲ್ವಾ?" ಕುಟುಂಬ ರಾಜಕಾರಣವೇ ಇದಕ್ಕೆಲ್ಲ ಮೂಲ ಅನ್ನುವುದು ಅವರ ತೀರ್ಮಾನ.

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದುವಾಗ ಒಂದು ಕಡೆ ನಗು ಬಂತು, ಕ್ಷಮಿಸಿ. ಆ ಫ್ಲೆಕ್ಸಿನಲ್ಲಿ 'ಶುಭ ಕೋರುವವರು' ಅನ್ನುವ ಸಾಲಿನಲ್ಲಿ ನಿಮ್ಮದೇ ಫೋಟೊ ಇತ್ತು ಎಂದು ಬರೆದಿದ್ದೀರಲ್ಲ, ಅಲ್ಲಿ. ಯಾರು ಅಧ್ಯಕ್ಷರಾದರೆಂದು ತಿಳಿಯುವ ಮೊದಲೇ ನೀವು ಶುಭ ಕೋರಿ ಆಗಿತ್ತು.

ಕಾನೂನು ಇಲ್ವಾ ಅಂದಿರಿ. ಅರ್ಧ ಇದೆ. ಪಕ್ಷಗಳ ನೋಂದಣಿಗೆಂದು ಪ್ರಜಾಪ್ರತಿನಿಧಿ ಕಾಯ್ದೆಗೆ 29ಎ ಎಂಬ ಕಲಂ ಸೇರಿಸಿದರು, 1989ರಲ್ಲಿ ಜಾರಿಗೆ ಬಂತು. ಸಂವಿಧಾನಕ್ಕೆ, ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವಕ್ಕೆ ನಿಷ್ಠೆ ಇಟ್ಟುಕೊಳ್ಳುತ್ತೇವೆ ಎಂದು ಪ್ರತಿಯೊಂದು ಪಕ್ಷವೂ ಬರೆದುಕೊಡಬೇಕು. ಬರೆದುಕೊಟ್ಟಿವೆ. ಆಮೇಲೆ ಪಕ್ಷದೊಳಗೆ ಚುನಾವಣೆಯೇ ನಡೆಸದಿದ್ದರೆ? ಚುನಾವಣಾ ಆಯೋಗ ಪತ್ರ ಬರೆಯಬಹುದು, ನೆನಪು ಮಾಡಬಹುದು, ಗದರಬಹುದು. ಆದರೆ ಮೋಸ ಮಾಡಿ ನೋಂದಣಿ ಪಡೆದಂಥ ಕೆಲವು ಸಂದರ್ಭ ಬಿಟ್ಟರೆ ಆಯೋಗ ಪಕ್ಷದ ನೋಂದಣಿ ರದ್ದು ಮಾಡುವಂತಿಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಲೈಸೆನ್ಸ್ ಕೊಡುವ ಕೈಗೆ ಲೈಸೆನ್ಸ್ ಕಿತ್ತುಕೊಳ್ಳುವ ಅಧಿಕಾರ ಇಲ್ಲ. ಪಕ್ಷಗಳ ಒಳಗಿನ ಚುನಾವಣೆಗೆ ಕಾನೂನು ಮಾಡಿ ಎಂದು 1999ರಲ್ಲೇ ಕಾನೂನು ಆಯೋಗ ಹೇಳಿತ್ತು. ಆ ಕಾನೂನು ಮಾಡಬೇಕಾದವರು ಇದೇ ಪಕ್ಷಗಳವರು, ಇನ್ನು ಆಗುವುದು ಹೇಗೆ?

ಪಕ್ಷದ ಸಂವಿಧಾನ ಅನ್ನುವ ಪುಸ್ತಕದ ಧೂಳು ಒರೆಸುವುದು ಪಕ್ಷ ಒಡೆದಾಗ ಮಾತ್ರ. 2023ರ ಫೆಬ್ರುವರಿಯಲ್ಲಿ ಶಿವಸೇನೆಯ ಬಿಲ್ಲು ಬಾಣದ ಚಿಹ್ನೆ ಯಾರಿಗೆ ಅನ್ನುವ ಜಗಳ ಚುನಾವಣಾ ಆಯೋಗದ ಮುಂದೆ ಇತ್ತು. ಅಲ್ಲಿಯವರೆಗೆ ಯಾರಿಗೂ ಬೇಡವಾಗಿದ್ದ ಪ್ರಶ್ನೆ ಆಗ ಎದ್ದಿತು: ಪಕ್ಷದ ಸಂವಿಧಾನದಲ್ಲಿ ಪ್ರಜಾಪ್ರಭುತ್ವ ಇದೆಯಾ? ಇಲ್ಲ ಎಂದಿತು ಆಯೋಗ. ಕೊನೆಗೆ ಶಾಸಕರ, ಸಂಸದರ ತಲೆ ಎಣಿಸಿ ಚಿಹ್ನೆ ಕೊಟ್ಟರು.

ಈಗ ನಿಮ್ಮ ಡೇರಿಗೆ ಬರೋಣ. ನೀವು ಅದನ್ನು ಒಂದೇ ಸಾಲಿನಲ್ಲಿ ಬಿಟ್ಟಿದ್ದೀರಿ. ನನಗೆ ನಿಮ್ಮ ಪತ್ರದಲ್ಲಿ ಸಿಕ್ಕ ದೊಡ್ಡ ವಿಷಯ ಅದೇ. ಡೇರಿ ಚುನಾವಣೆಗೆ ಮೊದಲು ಏನಾಗುತ್ತದೆ? ಹಾಲಿನ ಕ್ಯಾನು ಇಡುವ ಜಾಗದ ಪಕ್ಕದ ಗೋಡೆಗೆ ಮತದಾರರ ಪಟ್ಟಿ ಅಂಟಿಸುತ್ತಾರೆ. ಇಷ್ಟು ದಿನ, ಇಷ್ಟು ಲೀಟರ್ ಹಾಲು ಹಾಕಿರಬೇಕು ಎಂಬ ಲೆಕ್ಕ ಇರುತ್ತದೆ. ಬೆಳಿಗ್ಗೆ ಹಾಲು ಅಳೆಸಲು ಬಂದವರೆಲ್ಲ ಬೆರಳಿಟ್ಟು ಹೆಸರು ಹುಡುಕುತ್ತಾರೆ. ಹೆಸರು ಬಿದ್ದುಹೋದವನು ಕಾರ್ಯದರ್ಶಿಯ ಕತ್ತಿನ ಪಟ್ಟಿ ಹಿಡಿಯುತ್ತಾನೆ. ಆಮೇಲೆ ಮಟನ್ ಊಟ, ಧರ್ಮಸ್ಥಳಕ್ಕೆ ಟ್ರಿಪ್ಪು, ಆಣೆ ಪ್ರಮಾಣ, ಎಲ್ಲ ಇದ್ದದ್ದೇ. ಡೇರಿ ಚುನಾವಣೆ ಶುದ್ಧ ಅಂತ ನಾನು ಹೇಳುತ್ತಿಲ್ಲ. ಆದರೆ ಯಾರ ಕೈಲಿ ವೋಟಿದೆ ಅನ್ನುವುದು ಊರಿಗೆಲ್ಲ ಗೊತ್ತು.

ನಿಮ್ಮ ಪಕ್ಷದ ನಿಮ್ಮ ಬೂತಿನ ಸದಸ್ಯರ ಪಟ್ಟಿಯನ್ನು ಎಂದಾದರೂ ನೋಡಿದ್ದೀರಾ? ಒಂದು ಪಕ್ಷ ಮಿಸ್ಡ್ ಕಾಲ್ ಕೊಟ್ಟವರನ್ನೆಲ್ಲ ಸದಸ್ಯರು ಎಂದಿತು. ಇನ್ನೊಂದರಲ್ಲಿ ರಸೀದಿ ಪುಸ್ತಕ ಮುಖಂಡರ ಮನೆಗೆ ಹೋಗುತ್ತದೆ, ತುಂಬಿ ವಾಪಸ್ ಬರುತ್ತದೆ. ದುಡ್ಡು ಕಟ್ಟಿದವರು ಯಾರು ಎಂದು ಕೇಳಬಾರದು. ಪಟ್ಟಿ ಇಲ್ಲದ ಮೇಲೆ ಚುನಾವಣೆ ಯಾರು ಯಾರಿಗೆ ಮಾಡಬೇಕು? ಕಾಂಗ್ರೆಸ್ಸಿನಲ್ಲಿ 2022ರಲ್ಲಿ ನಮ್ಮ ಮಲ್ಲಿಕಾರ್ಜುನ ಖರ್ಗೆ ಅವರು ಶಶಿ ತರೂರ್ ಅವರನ್ನು 7,897ಕ್ಕೆ 1,072 ಮತಗಳಿಂದ ಸೋಲಿಸಿದರು. ಒಳ್ಳೆಯದೇ. ಬಿಜೆಪಿಯಲ್ಲಿ ಅಷ್ಟೂ ಇಲ್ಲ, ಅಧ್ಯಕ್ಷರ ಆಯ್ಕೆ ಅವಿರೋಧ. ಆದರೆ ಕಾಂಗ್ರೆಸ್ಸಿನಲ್ಲಿ ವೋಟು ಹಾಕಿದ ಆ ಒಂಬತ್ತು ಸಾವಿರ ಚಿಲ್ಲರೆ ಜನರನ್ನು ಆರಿಸಿದವರು ಯಾರು? ನಿಮ್ಮಂಥ ಕಾರ್ಯಕರ್ತರಿಗೆ ಅದರ ಸುದ್ದಿಯೂ ಮುಟ್ಟಿರಲಿಕ್ಕಿಲ್ಲ.

ಕಾರ್ಯಕರ್ತರನ್ನು ಯಾರೂ ಕೇಳಲ್ಲ ಎಂದು ಬೇಜಾರು ಮಾಡಿಕೊಂಡಿದ್ದೀರಿ. ಶಾಸಕರ ಪಾಡೇನು? 2023ರ ಮೇ ತಿಂಗಳಲ್ಲಿ 135 ಸೀಟು ಗೆದ್ದ ಕಾಂಗ್ರೆಸ್ ಶಾಸಕರು ಸೇರಿ ಒಂದು ಸಾಲಿನ ನಿರ್ಣಯ ಮಾಡಿದರು: ನಾಯಕನ ಆಯ್ಕೆ ಎಐಸಿಸಿ ಅಧ್ಯಕ್ಷರಿಗೆ ಬಿಟ್ಟದ್ದು. 2021ರಲ್ಲಿ ಬಿಜೆಪಿಯಲ್ಲೂ ಹಾಗೇ, ದೆಹಲಿಯಿಂದ ವೀಕ್ಷಕರು ಬಂದರು, ಬೊಮ್ಮಾಯಿ ಹೆಸರು ಹೊರಬಿತ್ತು. ಇನ್ನು 1985ರ ಪಕ್ಷಾಂತರ ನಿಷೇಧ ಕಾನೂನು. ಹಾರುವವರನ್ನು ಹಿಡಿಯಲು ತಂದದ್ದು. 2019ರಲ್ಲಿ ನಮ್ಮ ರಾಜ್ಯದ 17 ಶಾಸಕರು ಅನರ್ಹರಾದರೂ ಸರ್ಕಾರ ಬಿದ್ದೇ ಬಿತ್ತು. ಹಾರುವವರು ಹಾರಿದರು, ಹೀಗೇ ವೋಟು ಹಾಕಿ ಎಂಬ ಪಕ್ಷದ ಅಪ್ಪಣೆಗೆ, ಅಂದರೆ ವಿಪ್‌ಗೆ, ಹೆದರಿ ಬಾಯಿ ಮುಚ್ಚಿಕೊಂಡದ್ದು ಪಕ್ಷದಲ್ಲೇ ಉಳಿದವರು.

ನಿಮ್ಮ ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಎಲ್ಲಕ್ಕೂ ಕುಟುಂಬವೇ ಕಾರಣ ಅಂದಿರಿ. ಹಾಸನದಲ್ಲಿ ಕೂತು ಆ ಮಾತು ಆಡುವುದು ಸುಲಭ. 2023ರಲ್ಲಿ ಹಾಸನದ ಜೆಡಿಎಸ್ ಟಿಕೆಟ್ ದೇವೇಗೌಡರ ಸೊಸೆ ಭವಾನಿ ರೇವಣ್ಣ ಅವರಿಗೋ ಸ್ವರೂಪ್ ಪ್ರಕಾಶ್ ಅವರಿಗೋ ಎಂದು ಟೀ ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಸ್ವರೂಪ್‌ಗೆ ಸಿಕ್ಕಿತು, ಗೆದ್ದರು. ಅವರೂ ಮಾಜಿ ಶಾಸಕರ ಮಗನೇ ಅನ್ನಿ. ಆದರೆ ಅದೇ ಚುನಾವಣೆಯಲ್ಲಿ ಮೂಡಿಗೆರೆಯಲ್ಲಿ ಏನಾಯಿತು? ಹಾಲಿ ಶಾಸಕ ಎಂ.ಪಿ. ಕುಮಾರಸ್ವಾಮಿ ಅವರಿಗೆ ಬಿಜೆಪಿ ಟಿಕೆಟ್ ತಪ್ಪಿತು, ಅವರು ಜೆಡಿಎಸ್‌ಗೆ ಹೋದರು. ಅಲ್ಲಿ ಯಾವ ಕುಟುಂಬ ಇತ್ತು? 2024ರಲ್ಲಿ ಚಿಕ್ಕಮಗಳೂರಿನ ಬಿಜೆಪಿ ಕಾರ್ಯಕರ್ತರು ತಮ್ಮದೇ ಸಂಸದೆಗೆ 'ಗೋ ಬ್ಯಾಕ್ ಶೋಭಾ' ಅಂದರು. ಶೋಭಾ ಕರಂದ್ಲಾಜೆ ಅವರಿಗೆ ಬೆಂಗಳೂರು ಉತ್ತರ ಕೊಟ್ಟರು, ಅವರ ಜಾಗಕ್ಕೆ ಕೋಟ ಶ್ರೀನಿವಾಸ ಪೂಜಾರಿ ಬಂದರು. ಕೂಗಿದ್ದಕ್ಕೆ ಫಲ ಸಿಕ್ಕಿತು ಅನ್ನಬಹುದೇನೋ. ಬೆಂಗಳೂರು ಉತ್ತರದ ಕಾರ್ಯಕರ್ತರನ್ನು ಯಾರು ಕೇಳಿದರು? ಇನ್ನೂ ಹಿಂದೆ ಹೋದರೆ 1978. ಚಿಕ್ಕಮಗಳೂರಿನ ಸಂಸದರಾಗಿದ್ದ ಡಿ.ಬಿ. ಚಂದ್ರೇಗೌಡರು ಬಸ್ಸಿನ ಸೀಟು ಬಿಟ್ಟುಕೊಟ್ಟ ಹಾಗೆ ಲೋಕಸಭೆ ಸೀಟು ಬಿಟ್ಟುಕೊಟ್ಟರು, ಇಂದಿರಾ ಗಾಂಧಿ ಬಂದು ಗೆದ್ದು ಹೋದರು. ನಮ್ಮ ಹಿರಿಯರು ಈಗಲೂ ಅದನ್ನು ಹೆಮ್ಮೆಯಿಂದ ಹೇಳುತ್ತಾರೆ. ನನ್ನ ತಂದೆಯೂ ಹೇಳುತ್ತಿದ್ದರು.

ಮನೆತನ ಇರಲಿ, ಹೈಕಮಾಂಡ್ ಇರಲಿ, ಕೀಲಿ ಇರುವುದು ಬಿ ಫಾರಂನಲ್ಲಿ, ಅಂದರೆ ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಸಹಿ ಹಾಕಿ ಕೊಡುವ ಹಾಳೆಯಲ್ಲಿ. 2023ರ ಏಪ್ರಿಲ್ 20, ನಾಮಪತ್ರಕ್ಕೆ ಕೊನೇ ದಿನ. ಒಂದು ತಾಲ್ಲೂಕು ಕಚೇರಿಯ ಬ್ಯಾರಿಕೇಡ್ ಪಕ್ಕ ನಿಂತಿದ್ದೆ, ಯಾವ ಊರು ಅಂತ ಹೇಳಲ್ಲ. ಮೂರು ಗಂಟೆಗೆ ಗಡುವು. ಎರಡೂವರೆಗೆ ಒಂದು ಕಾರು ಬಂತು. ಇಳಿದವನು ಅಂಗಿಯೊಳಗೆ ಕೈ ಹಾಕಿ ಪ್ಲಾಸ್ಟಿಕ್ ಕವರು ತೆಗೆದ. ಅದರೊಳಗೆ ಒಂದೇ ಹಾಳೆ. ಜೆರಾಕ್ಸ್ ಪ್ರತಿ ನಡೆಯಲ್ಲ, ಸಹಿ ಪೆನ್ನಿನಲ್ಲೇ ಇರಬೇಕು. ಬೆಳಿಗ್ಗೆಯಿಂದ ಬಿಸಿಲಲ್ಲಿ ಬಾವುಟ ಹಿಡಿದು ನಿಂತಿದ್ದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಭ್ಯರ್ಥಿ ಯಾರೆಂದು ಆ ಹಾಳೆ ಹೇಳುವವರೆಗೆ ಅವರು ಯಾರಿಗೆ ಜೈ ಅನ್ನಬೇಕೋ ತಿಳಿಯದೆ ಪಕ್ಷಕ್ಕೇ ಜೈ ಅನ್ನುತ್ತಿದ್ದರು.

ಆ ಸಹಿಯನ್ನು ಸದಸ್ಯರ ಕೈಗೆ ಕೊಟ್ಟರೆ ಹೇಗೆ ಎಂದು ಒಮ್ಮೆ ನೋಡಿದ್ದೂ ಉಂಟು. 2014ರ ಲೋಕಸಭೆಗೆ ಕಾಂಗ್ರೆಸ್ ಬೆರಳೆಣಿಕೆಯ ಕ್ಷೇತ್ರಗಳಲ್ಲಿ ಅಭ್ಯರ್ಥಿ ಆಯ್ಕೆಗೆ ಒಳಚುನಾವಣೆ ನಡೆಸಿತು. ನಮ್ಮಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಎರಡೂ ಕಡೆ ಪಕ್ಷ ಸೋತಿತು, ಆ ಪ್ರಯೋಗಕ್ಕೂ ಅಲ್ಲೇ ತೆರೆ ಬಿತ್ತು. ಮೇಲಿನವರು ಆರಿಸಿದ ಅಭ್ಯರ್ಥಿಗಳೂ ಆ ವರ್ಷ ದೇಶದ ತುಂಬ ಸೋತರು. ಆ ಪದ್ಧತಿಯನ್ನು ಮಾತ್ರ ಯಾರೂ ಕೈಬಿಡಲಿಲ್ಲ ನೋಡಿ.

ಪಕ್ಷ ಬಿಡಲೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಬಿಟ್ಟು ಹೋಗುವ ಇನ್ನೊಂದು ಪಕ್ಷದಲ್ಲೂ ಇದೇ ಕಥೆ. ಮುಂದಿನ ಸಲ ಸದಸ್ಯತ್ವದ ಪುಸ್ತಕ ಹಿಡಿದು ಬಂದಾಗ ನಿಮ್ಮ ಬೂತಿನ ಪಟ್ಟಿಯ ಒಂದು ಜೆರಾಕ್ಸ್ ಕೇಳಿ. ಏನಂದರು ಎಂದು ಬರೆಯಿರಿ, ನಿಮ್ಮ ಹೆಸರಿಲ್ಲದೆ ಹಾಕುತ್ತೇನೆ. ಅಂದ ಹಾಗೆ, ಈ ಸಲ ಡೇರಿ ಚುನಾವಣೆಗೆ ನೀವು ನಿಂತಿದ್ದಿರೋ ಇಲ್ಲವೋ ಬರೆದೇ ಇಲ್ಲವಲ್ಲ.