ಎಟ್ನಾ ಬೆಟ್ಟದ ಕೆಂಪು ವೈನ್ ಬಣ್ಣದಲ್ಲಿ ಯಾಕಿಷ್ಟು ತಿಳಿ? ನೀರು ಬೆರೆಸಿರ್ತಾರಾ?

ಇಲ್ಲ, ನೀರು ಬೆರೆಸಿರೋದಿಲ್ಲ. ಆ ದ್ರಾಕ್ಷಿಯ ಗುಣವೇ ಹಾಗೆ.

ಇಟಲಿಯ ಸಿಸಿಲಿ ದ್ವೀಪದಲ್ಲಿರುವ ಎಟ್ನಾ ಇವತ್ತಿಗೂ ಬೆಂಕಿ ಉಗುಳುವ ಜ್ವಾಲಾಮುಖಿ. ಅದರ ಇಳಿಜಾರಿನಲ್ಲಿ ಬೆಳೆಯುವ ಮುಖ್ಯ ಕೆಂಪು ತಳಿ ನೆರೆಲ್ಲೊ ಮಸ್ಕಲೇಸೆ. ಹತ್ತಿರದ ಮಸ್ಕಾಲಿ ಊರಿನಿಂದ ಬಂದ ಹೆಸರು. ಇದರ ಸಿಪ್ಪೆಯಲ್ಲಿ ಬಣ್ಣ ಕಡಿಮೆ. ಆದರೆ ಹುಳಿ, ಒಗರು ಎರಡೂ ಜಾಸ್ತಿ. ಹಾಗಾಗಿ ನೋಡೋಕೆ ತೆಳು ಅನ್ನಿಸಿದರೂ ಕುಡಿದಾಗ ಬಿಗಿಯಾಗಿರುತ್ತದೆ, ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ.

ಸುಮಾರು 1,000 ಮೀಟರ್ ಎತ್ತರದವರೆಗೂ ಬಳ್ಳಿಗಳಿವೆ. ಹಗಲು ಬಿಸಿಲು, ರಾತ್ರಿ ಚಳಿ. ಕಾಯಿ ನಿಧಾನವಾಗಿ ಮಾಗುತ್ತದೆ, ಕೊಯ್ಲು ಅಕ್ಟೋಬರ್‌ಗೆ ಹೋಗುತ್ತದೆ.

ನನಗೆ ತುಂಬಾ ಇಷ್ಟವಾಗುವುದು ಅಲ್ಲಿನ ಮಣ್ಣಿನ ಕಥೆ. ಹತ್ತೊಂಬತ್ತನೇ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಪುಟ್ಟ ಕೀಟ ಬೇರು ತಿಂದು ಯುರೋಪಿನ ದ್ರಾಕ್ಷಿ ತೋಟಗಳನ್ನೇ ಹಾಳು ಮಾಡಿತು. ಎಟ್ನಾದ ಮರಳು ಮರಳಾದ ಬೂದಿಮಣ್ಣಿನಲ್ಲಿ ಅದರ ಆಟ ಅಷ್ಟಾಗಿ ನಡೆಯಲಿಲ್ಲ. ಅದಕ್ಕೇ ಕೀಟ ತಾಳುವ ಬೇರಿಗೆ ಕಸಿ ಮಾಡದ, ಸ್ವಂತ ಬೇರಿನ ಮೇಲೇ ನಿಂತ, ನೂರು ವರ್ಷ ದಾಟಿದ ಬಳ್ಳಿಗಳು ಅಲ್ಲಿ ಈಗಲೂ ಹಣ್ಣು ಬಿಡುತ್ತಿವೆ. ಎಂಥ ಗಟ್ಟಿ ಜೀವ ಅಲ್ವಾ!

ಕೊಳ್ಳುವಾಗ ಲೇಬಲ್ ಮೇಲೆ ‘ಎಟ್ನಾ ರೊಸ್ಸೊ’ ಎಂದಿದೆಯಾ ನೋಡಿ. ನಿಯಮದ ಪ್ರಕಾರ ಅದರಲ್ಲಿ ಕನಿಷ್ಠ ಶೇ. 80ರಷ್ಟು ಇದೇ ದ್ರಾಕ್ಷಿ ಇರಬೇಕು.